ಒಂದಕ್ಕೆ ಎರಡು

2016ರ ಫೆಬ್ರವರಿ 21, ರಾಂಚಿ. ಹಾಕಿ ಇಂಡಿಯಾ ಲೀಗ್‌ನ ನಾಲ್ಕನೇ ಸೀಸನ್ನಿನ ಫೈನಲ್. ಪಂಜಾಬ್ ವಾರಿಯರ್ಸ್ 6, ಕಳಿಂಗ ಲ್ಯಾನ್ಸರ್ಸ್ 1. ಬರೀ ಸ್ಕೋರ್ ನೋಡಿದವರು ಕಳಿಂಗದವರು ಪೂರ್ತಿ ನೆಲಕಚ್ಚಿದರು ಅಂದುಕೊಳ್ತಾರೆ. ಆದರೆ ಪಂಜಾಬಿನ 6 ಅಂದರೆ ಚೆಂಡು ಆರು ಸಲ ಬಲೆಗೆ ಬಿತ್ತು ಅಂತ ಅರ್ಥವಲ್ಲ. ಆ ವರ್ಷ ಲೀಗ್‌ನವರು ಒಂದು ಹೊಸ ಲೆಕ್ಕ ತಂದಿದ್ದರು. ಆಟ ಓಡುತ್ತಿರುವಾಗ ಹೊಡೆದ ಗೋಲು, ಅಂದರೆ ಫೀಲ್ಡ್ ಗೋಲ್, ಒಂದಕ್ಕೆ ಎರಡು. ಪೆನಾಲ್ಟಿ ಕಾರ್ನರ್‌ನಿಂದ ಬಂದ ಗೋಲು ಒಂದಕ್ಕೆ ಒಂದೇ. ಹಾಗಾಗಿ ಪಂದ್ಯ ನೋಡದೆಯೂ ಒಂದು ವಿಷಯವನ್ನು ಧೈರ್ಯವಾಗಿ ಹೇಳಬಹುದು: ಕಳಿಂಗದ ಆ ಒಂಟಿ ಗೋಲು ಫೀಲ್ಡ್ ಗೋಲ್ ಆಗಿರಲಿಲ್ಲ.

ಈ ನಿಯಮ ಹಾಕಿ ಪ್ರಿಯರನ್ನು ಬಿಟ್ಟರೆ ಬೇರೆಯವರಿಗೆ ನೆನಪಿರಲಿಕ್ಕಿಲ್ಲ. ನನಗೆ ಮಾತ್ರ ಇದು ನಮ್ಮ ಕಾಲದ ಒಂದು ನೈತಿಕ ಪ್ರಯೋಗದ ಹಾಗೆ ಕಾಣುತ್ತೆ. ಫಲ ಒಂದೇ ಇದ್ದಾಗ, ಅದು ಸಿಕ್ಕ ದಾರಿಗೆ ಬೇರೆ ಬೆಲೆ ಕಟ್ಟಬೇಕಾ? ಗಾಂಧಿ ಸಾಧನಶುದ್ಧಿ ಅಂತ ಹೇಳುತ್ತಾ ಹೋದರು. ನಾವು ಅದನ್ನು ಶಾಲೆಯ ಭಾಷಣಕ್ಕೆ ಬಿಟ್ಟುಕೊಟ್ಟು ಫಲಿತಾಂಶದ ಹಿಂದೆ ಬಿದ್ದೆವು. ಅಂಥದ್ದರಲ್ಲಿ ಆರು ತಂಡಗಳ ಒಂದು ಹಾಕಿ ಲೀಗ್ ಆ ತತ್ವವನ್ನು ನೇರ ಸ್ಕೋರ್‌ಬೋರ್ಡಿಗೇ ಹತ್ತಿಸಿತು. ಧೈರ್ಯ ಮೆಚ್ಚಬೇಕು. ಆದರೆ ನಿಯಮ ತಪ್ಪು ಅಂತಲೇ ನನ್ನ ವಾದ. ಕಾರಣ ಹೇಳೋಕೆ ಮುಂಚೆ ಪೆನಾಲ್ಟಿ ಕಾರ್ನರ್ ಅಂದರೆ ಏನು ಅಂತ ಸ್ವಲ್ಪ ನೋಡಬೇಕು. ಗೊತ್ತಿರುವವರು ಮುಂದಿನ ಪ್ಯಾರಾ ಹಾರಿಸಿಕೊಂಡು ಹೋಗಿ.

ಗೋಲಿನ ಮುಂದೆ ಅರ್ಧಚಂದ್ರದ ಹಾಗೆ ಒಂದು ಗೆರೆ ಇರುತ್ತೆ. ಎಲ್ಲರೂ 'ಡಿ' ಅಂತಾರೆ. ಅದರೊಳಗಿಂದ ಹೊಡೆದರೆ ಮಾತ್ರ ಗೋಲು. ಆ ಡಿ ಒಳಗೆ ರಕ್ಷಣೆಯವನ ಕಾಲಿಗೆ ಚೆಂಡು ತಾಗಿತು, ಅಥವಾ ಅವನು ಎದುರಾಳಿಯ ಸ್ಟಿಕ್ಕಿಗೆ ಹೊಡೆದ ಅಂತಿಟ್ಟುಕೊಳ್ಳಿ. ಅಂಪೈರ್ ಸೀಟಿ ಊದಿ ಕಾರ್ನರ್ ಕೊಡ್ತಾರೆ. ಆಗ ಗೋಲ್‌ಕೀಪರ್ ಸೇರಿ ಐದೇ ಜನ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು, ಉಳಿದವರು ಮೈದಾನದ ಅರ್ಧ ಗೆರೆಯಾಚೆ. ಒಬ್ಬ ಬದಿಯಿಂದ ಚೆಂಡು ತಳ್ಳುತ್ತಾನೆ, ಇನ್ನೊಬ್ಬ ಡಿ ಆಚೆ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಹೊಡೆಯುತ್ತಾನೆ. ಜೋರಾಗಿ ಬೀಸಿ ಹೊಡೆದರೆ ಆ ಮೊದಲ ಹೊಡೆತ ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಆದರೆ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಎಸೆದರೆ ಎತ್ತರದ ಮಿತಿ ಇಲ್ಲ. ಅದೇ ಡ್ರ್ಯಾಗ್ ಫ್ಲಿಕ್. ಗೋಲಿನ ಗೆರೆಯಿಂದ ಎದುರು ಓಡಿ ಬರುವವನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬರುವುದು ಇದಕ್ಕೇ.

ಇದರಲ್ಲಿ ಪಳಗಿದ ಒಬ್ಬನಿದ್ದರೆ ತಂಡಕ್ಕೆ ಆನೆಬಲ. ಅಡ್ಡ ಪರಿಣಾಮವೂ ಇದೆ. ಡಿ ಒಳಗೆ ನುಗ್ಗಿದ ಫಾರ್ವರ್ಡ್ ಗೋಲಿನ ಕಡೆ ನೋಡುವುದನ್ನೇ ಬಿಟ್ಟು ಎದುರಾಳಿಯ ಕಾಲು ಹುಡುಕೋಕೆ ಶುರು ಮಾಡ್ತಾನೆ. ಚೆಂಡನ್ನು ಬೇಕಂತಲೇ ಶೂಗೆ ತಾಗಿಸಿ, ಕೈ ಎತ್ತಿ ಅಂಪೈರ್ ಕಡೆ ತಿರುಗಿದರೆ ಕೆಲಸ ಮುಗಿಯಿತು. ಇದನ್ನು ನೋಡಿದಾಗ ನನಗೂ ಮೈ ಉರಿಯುತ್ತೆ. ಹತ್ತು ಪಾಸ್ ಕೊಟ್ಟು, ಮೂರು ಜನರನ್ನು ದಾಟಿ ಹೊಡೆದ ಗೋಲೂ ಅಷ್ಟೇ, ಕಾಲಿಗೆ ತಾಗಿಸಿ ಗಿಟ್ಟಿಸಿದ ಗೋಲೂ ಅಷ್ಟೇ ಅಂದರೆ ಹೇಗೆ? ಸ್ವಂತ ಸೃಷ್ಟಿಗೆ ಎರಡು, ಇನ್ನೊಬ್ಬನ ತಪ್ಪಿನಿಂದ ಸಿಕ್ಕಿದ್ದಕ್ಕೆ ಒಂದು. ಕೇಳೋಕೆ ನ್ಯಾಯ ಅನ್ನಿಸುತ್ತೆ. ದಾಳಿಯ ಆಟ ಹೆಚ್ಚಬೇಕು, ನೋಡುವವರಿಗೆ ಖುಷಿಯಾಗಬೇಕು ಅನ್ನುವುದು ಸಂಘಟಕರ ಆಸೆ. ಅದರಲ್ಲಿ ತಪ್ಪೇನಿಲ್ಲ.

ಈಗ ಇದೇ ನಿಯಮವನ್ನು ಡಿಫೆಂಡರ್ ಜಾಗದಲ್ಲಿ ನಿಂತು ನೋಡಿ. ಒಬ್ಬ ಫಾರ್ವರ್ಡ್ ನಿಮ್ಮನ್ನು ದಾಟಿ ಡಿ ಒಳಗೆ ಹೋಗ್ತಾ ಇದ್ದಾನೆ. ಬಿಟ್ಟರೆ ಹೊಡೀತಾನೆ. ಸ್ಟಿಕ್ ಅಡ್ಡ ಹಾಕಿದರೆ ಕಾರ್ನರ್ ಕೊಡಬೇಕು. ಒಂದು ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ (ಅಂಕಿಗಳು ನನ್ನ ಊಹೆ, ವಾದಕ್ಕಷ್ಟೇ): ಇಂಥ ಸಂದರ್ಭ ಆರು ಸಲ ಬಂದರೆ ಅವನು ಮೂರು ಸಲ ಗೋಲು ಹೊಡೀತಾನೆ. ಆರೂ ಸಲ ಅಡ್ಡ ಹಾಕಿ ಆರು ಕಾರ್ನರ್ ಕೊಟ್ಟರೆ ಎರಡು ಗೋಲಾಗುತ್ತವೆ. ಮಾಮೂಲಿ ಹಾಕಿಯಲ್ಲಿ ಫೌಲ್ ಮಾಡಿದ್ದಕ್ಕೆ ನಿಮಗಾದ ಉಳಿತಾಯ ಒಂದು ಗೋಲು. ಕಾರ್ಡ್ ತಿಂದು ಹೊರಗೆ ಕೂರುವ ಅಪಾಯ ಇದ್ದೇ ಇದೆ, ಹಾಗಾಗಿ ಹೆಚ್ಚಿನವರು ಪ್ರಾಮಾಣಿಕವಾಗಿಯೇ ಚೆಂಡಿಗೆ ಪ್ರಯತ್ನ ಪಡ್ತಾರೆ. 2016ರ ಲೆಕ್ಕದಲ್ಲಿ? ಬಿಟ್ಟರೆ ಮೂರು ಗೋಲಿಗೆ ಆರು, ಅಡ್ಡ ಹಾಕಿದರೆ ಎರಡಕ್ಕೆ ಎರಡೇ. ಉಳಿತಾಯ ಒಂದರಿಂದ ನಾಲ್ಕಕ್ಕೆ ಏರಿತು.

ಅಂದರೆ ಚಂದದ ಆಟಕ್ಕೆ ಬೆಲೆ ಏರಿಸಿದ ಕೈಯೇ ಚಂದ ಕೆಡಿಸುವುದನ್ನು ಲಾಭದ ಕೆಲಸ ಮಾಡಿಬಿಟ್ಟಿತು. ಪಕ್ಕಾ ಗೋಲಾಗುವುದನ್ನು ತಡೆದರೆ ಪೆನಾಲ್ಟಿ ಸ್ಟ್ರೋಕ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಡಿ ಒಳಗಿನ ಹೆಚ್ಚಿನ ತಪ್ಪುಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಬೇಕಂತ ಮಾಡಿದ್ದೋ, ಆಗಿಹೋಯಿತೋ, ಗೋಲಾಗ್ತಿತ್ತೋ ಇಲ್ಲವೋ ಅನ್ನುವ ಅನುಮಾನದಲ್ಲೇ ಅವು ಕಾರ್ನರ್ ಆಗಿ ಮುಗಿಯುತ್ತವೆ. ಜಾಣ ಡಿಫೆಂಡರ್ ಬದುಕುವುದೇ ಆ ಅನುಮಾನದಲ್ಲಿ.

ಫುಟ್ಬಾಲಿನಲ್ಲೂ ಇಂಥದ್ದೇ ಆಗಿದೆ. ಗೆಲುವಿಗೆ ಎರಡರ ಬದಲು ಮೂರು ಪಾಯಿಂಟ್ ಕೊಡುವುದನ್ನು ಇಂಗ್ಲೆಂಡ್ 1981ರಲ್ಲೇ ಶುರು ಮಾಡಿತು, ಸ್ಪೇನ್ 1995ರಲ್ಲಿ. ಡ್ರಾಗೆ ತೃಪ್ತಿಪಡದೆ ಎಲ್ಲರೂ ಗೆಲ್ಲೋಕೆ ಆಡಲಿ ಅಂತ. ಗರಿಕಾನೊ ಮತ್ತು ಪಲಾಸಿಯೋಸ್ ಉಯೆರ್ತಾ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಸ್ಪೇನ್ ಲೀಗಿನ ಲೆಕ್ಕ ಕೂತು ನೋಡಿದರು. ದಾಳಿಯ ಪ್ರಯತ್ನ ಹೆಚ್ಚಿತ್ತು, ಜೊತೆಗೆ ಎದುರಾಳಿಯನ್ನು ಕೆಡಿಸುವ ಒರಟು ಆಟವೂ ಹೆಚ್ಚಿತ್ತು. ಗೋಲುಗಳು ಮಾತ್ರ ಹೆಚ್ಚಿರಲಿಲ್ಲ.

'ಹಾಗಾದ್ರೆ ಕ್ರಿಕೆಟ್ಟಿನ ಸಿಕ್ಸರ್? ಬ್ಯಾಸ್ಕೆಟ್‌ಬಾಲಿನ ಮೂರು ಪಾಯಿಂಟ್?' ಅಂತ ನೀವು ಕೇಳಬಹುದು. ಕೇಳಲೇಬೇಕು. ಅಲ್ಲೂ ಕಷ್ಟದ ಕೆಲಸಕ್ಕೆ ಹೆಚ್ಚು ಬೆಲೆ. ವ್ಯತ್ಯಾಸ ಇರುವುದು ಇಲ್ಲಿ: ಚೆಂಡು ನೆಲಕ್ಕೆ ತಾಗದೆ ಗಡಿ ದಾಟಿದರೆ ಆರು, ತಾಗಿ ದಾಟಿದರೆ ನಾಲ್ಕು. ಆ ನಾಲ್ಕು ಅನ್ನುವುದು ಯಾರೋ ಮಾಡಿದ ತಪ್ಪಿಗೆ ಕೊಟ್ಟ ಪರಿಹಾರ ಅಲ್ಲ. ಹಾಕಿಯ ಪೆನಾಲ್ಟಿ ಕಾರ್ನರ್ ಹುಟ್ಟಿದ್ದೇ ಪರಿಹಾರವಾಗಿ. ಡಿ ಒಳಗೆ ಒಬ್ಬನಿಗೆ ಸಿಗಬೇಕಾಗಿದ್ದ ಅವಕಾಶವನ್ನು ಇನ್ನೊಬ್ಬ ಕಿತ್ತುಕೊಂಡ, ಅದಕ್ಕೆ ಬದಲಿ. ನಿಮ್ಮ ಎರಡು ರೂಪಾಯಿ ಕಳೆದವನು ಒಂದು ರೂಪಾಯಿಯ ಲಾಟರಿ ಟಿಕೆಟ್ ಕೈಗಿಟ್ಟು 'ಸರಿಹೋಯ್ತಲ್ಲ' ಅಂದ ಹಾಗಾಯಿತು ಇದು. ಕಾಲು ಹುಡುಕುವ ಕಳ್ಳಾಟದ ಫಾರ್ವರ್ಡಿಗೆ ಶಿಕ್ಷೆ ಕೊಡಲು ಹೋಗಿ, ನಿಜವಾಗಿ ಅನ್ಯಾಯವಾದ ಫಾರ್ವರ್ಡಿನ ಪರಿಹಾರವನ್ನೂ ಅರ್ಧಕ್ಕಿಳಿಸಿದರು. ಸ್ಕೋರ್‌ಬೋರ್ಡಿಗೆ ಇವರಿಬ್ಬರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಕಥೆಯಲ್ಲ. ಹೊಸ ಫೀಚರ್ ಮಾಡಿದವರಿಗೆ ಅಪ್ರೈಸಲ್‌ನಲ್ಲಿ ಒಂದಕ್ಕೆ ಎರಡು. ಬೇರೆಯವರು ಮುರಿದಿಟ್ಟದ್ದನ್ನು ರಾತ್ರಿ ಎರಡು ಗಂಟೆಗೆ ಎದ್ದು ಸರಿ ಮಾಡಿದವರಿಗೆ ಒಂದು, ಅದೂ ಮ್ಯಾನೇಜರ್‌ಗೆ ನೆನಪಿದ್ದರೆ. ಸೃಜನಶೀಲತೆಗೆ ಉತ್ತೇಜನ ಅಂತ ಅದಕ್ಕೆ ಹೆಸರು. ಎರಡು ವರ್ಷ ಕಳೆದ ಮೇಲೆ ನೋಡಿದರೆ ಮುರಿಯುವವರ ಸಂಖ್ಯೆ ಜಾಸ್ತಿಯಾಗಿರುತ್ತೆ, ರಿಪೇರಿಯವರು ಬೇರೆ ಕಂಪನಿಗೆ ಹೋಗಿರ್ತಾರೆ. ಇದನ್ನು ಇಲ್ಲಿಗೇ ಬಿಡ್ತೀನಿ, ಸೋಮವಾರದ ವಿಷಯ ಸೋಮವಾರಕ್ಕೆ.

ಇನ್ನೊಂದು ತೊಡಕು: ಡ್ರ್ಯಾಗ್ ಫ್ಲಿಕ್ ಚಂದವಲ್ಲ ಅಂತ ನಿರ್ಧರಿಸಿದವರು ಯಾರು? ಚೆಂಡು ತಳ್ಳುವವನು, ನಿಲ್ಲಿಸುವವನು, ಎಳೆದು ಎಸೆಯುವವನು, ಮೂವರ ಕೆಲಸ ಎರಡು ಸೆಕೆಂಡಿನೊಳಗೆ ಕೂಡಬೇಕು. ವರ್ಷಗಟ್ಟಲೆ, ದಿನಕ್ಕೆ ನೂರಾರು ಸಲ ಅದೇ ಅಭ್ಯಾಸ, ಸೊಂಟ ಬೆನ್ನು ಎಲ್ಲ ಪಣಕ್ಕಿಟ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪಂದ್ಯ ನೆನಪಿದೆಯಾ? ಭಾರತ 2, ಸ್ಪೇನ್ 1. ಭಾರತದ ಎರಡನ್ನೂ ಹೊಡೆದದ್ದು ಹರ್ಮನ್‌ಪ್ರೀತ್ ಸಿಂಗ್, ಎರಡೂ ಪೆನಾಲ್ಟಿ ಕಾರ್ನರ್‌ನಿಂದ. ಸ್ಪೇನಿನದು ಪೆನಾಲ್ಟಿ ಸ್ಟ್ರೋಕ್. ಇಡೀ ಪಂದ್ಯದಲ್ಲಿ ಒಂದೇ ಒಂದು ಫೀಲ್ಡ್ ಗೋಲ್ ಇಲ್ಲ. ಕೊನೆಗೆ ಶ್ರೀಜೇಶ್ ಗೋಲ್‌ಪೋಸ್ಟ್ ಮೇಲೆ ಹತ್ತಿ ಕೂತಾಗ ಇದು ಅರ್ಧ ಬೆಲೆಯ ಕಂಚು ಅಂತ ಯಾರಿಗಾದರೂ ಅನ್ನಿಸಿತಾ? ನಾನಂತೂ ಕುಣಿದಿದ್ದೆ.

ಹಾಗಂತ ದಾರಿಗೆ ಬೆಲೆಯೇ ಇಲ್ಲ, ಗೆದ್ದರೆ ಸಾಕು ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ದಾರಿ ಮುಖ್ಯ. ಆದರೆ ಆ ಮುಖ್ಯತೆಯನ್ನು ಬಹುಮಾನದ ರೂಪದಲ್ಲಿ ಬರೆಯೋಕೆ ಹೊರಟಾಗಲೇ ಎಡವಟ್ಟಾಗುವುದು. ಕೆಟ್ಟ ದಾರಿ ತಪ್ಪಿಸಬೇಕಾದರೆ ಕೆಟ್ಟ ಕೆಲಸವನ್ನೇ ನೇರವಾಗಿ ಹಿಡಿಯಬೇಕು. ಬೇಕಂತ ಕಾಲಿಗೆ ಹೊಡೆದವನಿಗೆ ಕಾರ್ನರ್ ಕೊಡಬೇಡಿ. ಬೇಕಂತ ಅಡ್ಡ ಹಾಕಿದವನನ್ನು ಹಸಿರು ಕಾರ್ಡ್ ತೋರಿಸಿ ಎರಡು ನಿಮಿಷ ಹೊರಗೆ ಕೂರಿಸಿ, ಹಳದಿಯಾದರೆ ಐದು ನಿಮಿಷವೋ ಹತ್ತೋ. ಇವೆಲ್ಲ ಹಾಕಿಯಲ್ಲಿ ಮೊದಲಿಂದಲೇ ಇರುವ ಅಸ್ತ್ರಗಳು. ಇದಕ್ಕೆ ಅಂಪೈರ್‌ನ ಕಣ್ಣು ಬೇಕು, ವಿವೇಚನೆ ಬೇಕು, ಆಟಗಾರರ ಬೈಗುಳ ಕೇಳುವ ತಾಳ್ಮೆಯೂ ಬೇಕು. ಅಂಕಿ ಬದಲಾಯಿಸುವುದು ಇದಕ್ಕಿಂತ ಎಷ್ಟೋ ಸುಲಭ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಈ ಲೀಗ್‌ನಲ್ಲಿ ಕರ್ನಾಟಕದ ತಂಡ ಇರಲಿಲ್ಲ. ಆಟಗಾರರು ಇದ್ದರು. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶ ವಿಜಾರ್ಡ್ಸ್‌ನಲ್ಲಿ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ನಲ್ಲಿ. ರಘುನಾಥ್ ಹಿಂದೆ ನಿಂತು ರಕ್ಷಣೆ ಮಾಡುವವರು, ಕಾರ್ನರ್ ಸಿಕ್ಕರೆ ಮುಂದೆ ಬಂದು ಡ್ರ್ಯಾಗ್ ಫ್ಲಿಕ್ ಹೊಡೆಯುವವರು. ಸುನಿಲ್ ಮುಂಚೂಣಿಯವರು, ಚೆಂಡು ಸಿಕ್ಕಿದರೆ ಬಾಣದ ಹಾಗೆ ಓಟ. ಒಂದೇ ಜಿಲ್ಲೆ, ಒಂದೇ ಆಟ. ಆದರೆ ಆ ಸೀಸನ್ನಿನಲ್ಲಿ ಒಬ್ಬರ ಕಸುಬಿನ ಗೋಲಿಗೆ ಒಂದು, ಇನ್ನೊಬ್ಬರ ಕಸುಬಿನ ಗೋಲಿಗೆ ಎರಡು. ಕುಟುಂಬಗಳೇ ತಂಡ ಕಟ್ಟಿಕೊಂಡು ಆಡುವ ಕೊಡವ ಹಾಕಿ ಹಬ್ಬದಲ್ಲಿ (1997ರಲ್ಲಿ ಕರಡದಲ್ಲಿ ಶುರುವಾದದ್ದು, 2024ರಲ್ಲಿ 360 ಕುಟುಂಬಗಳು ಬಂದಿದ್ದವು) ಇಂಥ ಲೆಕ್ಕ ತಂದು, ಅಣ್ಣನದು ಎರಡು ತಮ್ಮನದು ಒಂದು ಅಂದಿದ್ದರೆ ಊಟದ ಪಂದಿಯಲ್ಲಿ ಏನಾಗ್ತಿತ್ತೋ ಏನೋ.

ಅದೇ ವರ್ಷ ಆಗಸ್ಟಿನಲ್ಲಿ ಇಬ್ಬರೂ ರಿಯೊ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಎಲ್ಲ ಗೋಲೂ ಒಂದೇ. 2017ರ ಸೀಸನ್ ಆದ ಮೇಲೆ ಲೀಗ್ ನಿಂತೇಹೋಯಿತು, ಮತ್ತೆ ಶುರುವಾದದ್ದು 2024ರ ಡಿಸೆಂಬರ್ 28ಕ್ಕೆ, ರೂರ್ಕೆಲಾದಲ್ಲಿ. ಈ ಸಲ ಒಂದಕ್ಕೆ ಎರಡರ ಲೆಕ್ಕ ಇರಲಿಲ್ಲ. ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ 4, ಹೈದರಾಬಾದ್ ತೂಫಾನ್ಸ್ 3, ಅಂದರೆ ಚೆಂಡು ಏಳು ಸಲ ಬಲೆಗೆ ಬಿತ್ತು ಅಂತಲೇ ಅರ್ಥ.

ನನಗೆ ಈಗಲೂ ಬಗೆಹರಿಯದ ಪ್ರಶ್ನೆ ಒಂದಿದೆ. ಸುನಿಲ್ ಥರದ ಒಬ್ಬ ಅರ್ಧ ಮೈದಾನ ಚೆಂಡು ತಂದು, ಇಬ್ಬರನ್ನು ದಾಟಿ, ಡಿ ಒಳಗೆ ಬಿದ್ದು ಕಾರ್ನರ್ ಗಿಟ್ಟಿಸುತ್ತಾನೆ. ರಘುನಾಥ್ ಥರದ ಒಬ್ಬ ಹಿಂದಿನಿಂದ ನಡೆದು ಬಂದು, ಅಂಗೈ ಒರೆಸಿಕೊಂಡು, ಒಂದೇ ಎಳೆತದಲ್ಲಿ ಮೇಲಿನ ಮೂಲೆಗೆ ಎಸೆಯುತ್ತಾನೆ. ದಾಖಲೆಯಲ್ಲಿ ಎರಡನೆಯವನ ಹೆಸರಷ್ಟೇ ಬರುತ್ತೆ, ಮೊದಲನೆಯವನು ಇನ್ನೂ ಮೊಣಕಾಲು ಉಜ್ಜಿಕೊಳ್ತಾ ಇರ್ತಾನೆ. ಆ ಗೋಲಿನಲ್ಲಿ ಯಾರ ಪಾಲು ಎಷ್ಟು?