ಸ್ವಂತ ಕಾಯಕವನ್ನು ಕೈಗೊಳ್ಳುವ ಮುನ್ನ



ನಮ್ಮ ಪಾಠಶಾಲೆಯಲ್ಲಿ ಓದಿದ ಹೊಸಪೇಟೆಯ ಗೃಹಸ್ಥನೊಬ್ಬನು ಈಚೆಗೆ ಮಠಕ್ಕೆ ಬಂದು, ಪ್ರಸಾದವನ್ನು ಸ್ವೀಕರಿಸಿದ ಬಳಿಕ ತನ್ನ ಮನದ ತೊಳಲಾಟವನ್ನು ತೋಡಿಕೊಂಡನು. ಪರರ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಲಾರಿಗಳ ಎಂಜಿನನ್ನು ಬಿಚ್ಚಿ ಜೋಡಿಸಿ ಪಳಗಿದ ಕೈ ಅವನದು. “ಗುರುಗಳೇ, ಮನೆಯವಳ ಒಡವೆಗಳನ್ನು ಒತ್ತೆಯಿಟ್ಟು ಸ್ವಂತ ಗ್ಯಾರೇಜು ತೆರೆಯಬೇಕೆಂದಿದ್ದೇನೆ. ಇನ್ನೊಬ್ಬರ ಕೈಕೆಳಗಿನ ಈ ದಾಸ್ಯವನ್ನು ಬಿಡಲೋ, ಇರಲೋ?” ಎಂದು ಕೇಳಿದನು.

ಅವನಾಡಿದ ‘ದಾಸ್ಯ’ ಎಂಬ ಮಾತನ್ನೇ ಮೊದಲು ವಿಚಾರಿಸೋಣ. ಮಹಾತ್ಮ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಅರಸನ ಸೇವೆಯಲ್ಲಿದ್ದವರು. ಅದರಿಂದ ಅವರ ಶರಣತ್ವಕ್ಕೆ ಕುಂದುಂಟಾಗಲಿಲ್ಲ. ಹರಿಹರ ಕವಿಯಾದರೋ ಹೊಯ್ಸಳರ ಕರಣಿಕ ವೃತ್ತಿಯನ್ನು ತೊರೆದು, ನಮ್ಮ ಹಂಪೆಗೆ ಬಂದು, ವಿರೂಪಾಕ್ಷನ ಸನ್ನಿಧಿಯಲ್ಲಿ ಶಿವಶರಣರ ರಗಳೆಗಳನ್ನು ರಚಿಸಿದನೆಂದು ಪರಂಪರೆ ಹೇಳುತ್ತದೆ. ಒಬ್ಬರು ಉದ್ಯೋಗದಲ್ಲಿ ನಿಂತರು, ಇನ್ನೊಬ್ಬರು ಬಿಟ್ಟರು, ಇಬ್ಬರೂ ಪೂಜ್ಯರು. ಆದುದರಿಂದ ಸಂಬಳದ ದುಡಿಮೆ ಕೀಳಲ್ಲ, ಸ್ವಂತ ಅಂಗಡಿಯೇ ಮೋಕ್ಷವೂ ಅಲ್ಲ. ಅಭಿಮಾನಭಂಗವಾಯಿತೆಂಬ ಸಿಟ್ಟಿನಿಂದ ಕೆಲಸವನ್ನು ಬಿಡುವವನು ತನ್ನ ಅಹಂಕಾರವೆಂಬ ಯಜಮಾನನನ್ನು ಹೊಸ ಗ್ಯಾರೇಜಿಗೂ ಕರೆದೊಯ್ಯುತ್ತಾನೆ.

ಹಾಗಾದರೆ ನಿರ್ಣಯವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಆಯ್ದಕ್ಕಿ ಲಕ್ಕಮ್ಮನವರ ಕಥೆ ತಮಗೆಲ್ಲ ತಿಳಿದೇ ಇದೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಕ್ಕೆ ಕಳುಹಿದರು. ಮನೆಗೆ ಎಷ್ಟು ಬೇಕೆಂಬ ಅಳತೆ ಅವರ ಕೈಯಲ್ಲಿತ್ತು. ನಾನು, “ತಮ್ಮಾ, ಒಡವೆಯ ವಿಷಯವನ್ನು ನಿನ್ನ ಮನೆಯವಳೊಡನೆ ಆಡಿದೆಯಾ?” ಎಂದು ಕೇಳಿದೆನು. ಅವನು ತಲೆ ತಗ್ಗಿಸಿದನು.

ಅಳತೆ ಮೀರಿದರೆ ಏನಾಗುವುದೆಂಬುದನ್ನು ಸಂಡೂರಿನ ಗುಡ್ಡಗಳು ನಮಗೆ ಕಲಿಸಿವೆ. ಕಬ್ಬಿಣದ ಅದಿರಿಗೆ ಬೆಲೆ ಏರಿದ ಕಾಲದಲ್ಲಿ ಅನೇಕರು ಸಾಲಮಾಡಿ ಲಾರಿಗಳನ್ನು ಕೊಂಡು ಸ್ವತಂತ್ರರಾದೆವೆಂದು ಬಗೆದರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಲಾರಿಗಳ ಗಾಲಿ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಗಣಿಗಳು ಮುಂದೆ ನಿಬಂಧನೆಗಳೊಡನೆ ಮತ್ತೆ ತೆರೆದುವಾದರೂ, ಅಷ್ಟರಲ್ಲಿ ಎಷ್ಟೋ ಮನೆಗಳು ನೊಂದಿದ್ದುವು. ಒಂದೇ ವ್ಯಾಪಾರವನ್ನು ನೆಚ್ಚಿ ಸಾಲಕ್ಕೆ ಕೊರಳೊಡ್ಡಿದ ಸ್ವಾತಂತ್ರ್ಯವು ಸ್ವಾತಂತ್ರ್ಯವಲ್ಲ.

ಆದುದರಿಂದ ಅವನಿಗೆ ಮೂರು ಮಾತುಗಳನ್ನು ಹೇಳಿದೆನು. ಮೊದಲನೆಯದು: ಅದಿರಿನ ಲಾರಿಯೊಂದನ್ನೇ ನಂಬದಿರು, ಕಂಪ್ಲಿಯ ಗದ್ದೆಗಳ ಟ್ರಾಕ್ಟರು, ಭತ್ತ ಕೊಯ್ಯುವ ಯಂತ್ರ, ಹಂಪೆಗೆ ಯಾತ್ರಿಕರನ್ನು ಕರೆತರುವ ಗಾಡಿ, ಇವುಗಳ ರಿಪೇರಿಯನ್ನೂ ಕಲಿ. ಎರಡನೆಯದು: ಒಡವೆಯನ್ನು ಒತ್ತೆಯಿಡುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಗಳವರೆಗೆ ‘ಶಿಶು’, 5 ಲಕ್ಷದವರೆಗೆ ‘ಕಿಶೋರ’ ಎಂಬ ಸಾಲಗಳಿವೆ. ಇವಕ್ಕೆ ಒತ್ತೆ ಬೇಡ. (ಬಡಗಿ, ಕಮ್ಮಾರ, ಗಾರೆಕೆಲಸದವರು, ದರ್ಜಿ ಮೊದಲಾದ 18 ಕಸುಬಿನವರಿಗೆ 2023ರ ವಿಶ್ವಕರ್ಮ ಯೋಜನೆಯಲ್ಲಿ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ರೂಪಾಯಿ ಸಾಲವುಂಟು.) ಆದರೆ ಒತ್ತೆಯಿಲ್ಲದ ಸಾಲವೂ ಸಾಲವೇ, ತೀರಿಸುವಷ್ಟನ್ನೇ ತರತಕ್ಕದ್ದು. ಮೂರನೆಯದು: ನಿನ್ನ ಕೈಕೆಳಗೆ ಕಲಿಯಲು ಬರುವ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಕೂಲಿಯನ್ನೂ ಊಟವನ್ನೂ ಕೊಡು. ನೀನು ದಾಸ್ಯವೆಂದು ಬೇಸತ್ತುದನ್ನು ಅವನ ಮೇಲೆ ಹೇರಿದರೆ ಅದು ಕಾಯಕವಾಗದು. ಹುಲ್ಲಿನ ಹಗ್ಗವನ್ನು ಹೊಸೆದು ಮಾರಿದ ನುಲಿಯ ಚಂದಯ್ಯನವರು ದಾಸೋಹವನ್ನು ಬಿಡಲಿಲ್ಲವೆಂಬುದನ್ನು ನೆನೆ.

ಮುಂದಿನ ಸೋಮವಾರ ದಂಪತಿಗಳಿಬ್ಬರೂ ಬಂದರು. ಆಕೆ ಮನೆಯ ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದಳು. “ಒಡವೆ ಕೊಡಲು ನನಗೆ ಬೇಸರವಿಲ್ಲ ಗುರುಗಳೇ. ಆದರೆ ಆರು ತಿಂಗಳ ಖರ್ಚಿಗಾಗುವಷ್ಟು ಮೊದಲು ಮನೆಯಲ್ಲಿ ಕೂಡಲಿ. ಅಲ್ಲಿಯವರೆಗೆ ಸಂಬಳಕ್ಕೆ ಹೋಗಲಿ, ಆಮೇಲೆ ಚಿಕ್ಕದೊಂದು ಶೆಡ್ಡು ಹಾಕಲಿ” ಎಂದಳು. ಅವನು ಮರುಮಾತಾಡದೆ ಒಪ್ಪಿದನು.

ಬಂಧುಗಳೇ, ನಾನು ಹೇಳಿದ ಮೂರು ಮಾತುಗಳಿಗಿಂತ ಆ ತಾಯಿಯ ಹಾಳೆಯೇ ಹೆಚ್ಚು ತೂಕದ್ದೆಂದು ನನಗೆ ತೋರಿತು. ಲಕ್ಕಮ್ಮನವರ ಅಳತೆ ಪ್ರತಿ ಮನೆಯಲ್ಲಿಯೂ ಇದೆ. ಕೇಳುವ ವಿನಯವು ನಮಗೆ ಬೇಕು. ಆ ವಿನಯವನ್ನು ಶ್ರೀಗುರುವು ಕರುಣಿಸಲಿ.