ಮೇಜಿನ ಮಿತಿ, ಇಚ್ಛೆಯ ಮಿತಿ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ನಮ್ಮ ಆಚಾರ್ಯರು ದ್ಯೂತವನ್ನು ಮೊದಲು ಎಣಿಸಿದ್ದಾರೆ. ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವೂ ಅದನ್ನು ಅನರ್ಥಗಳಲ್ಲೆಲ್ಲ ಮೊದಲನೆಯದೆನ್ನುತ್ತದೆ. ಆದರೆ ಇಂದಿನ ತರುಣರು ಕೇಳುತ್ತಾರೆ: ನಿಯಮಬದ್ಧವಾಗಿ, ಮಿತಿಯೊಳಗೆ ಆಡಿದರೆ ದೋಷವೇನು? ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದಕ್ಕಿಂತ ವಿಚಾರಿಸಿ ನೋಡುವುದು ಲೇಸು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆದ ಪೋಕರ್ ಎಂಬ ಇಸ್ಪೀಟಿನಾಟದಲ್ಲಿ ಒಂದು ಕಟ್ಟಳೆಯಿದೆ. ಸುತ್ತಿನ ಆರಂಭದಲ್ಲಿ ಮೇಜಿನ ಮೇಲಿದ್ದಷ್ಟನ್ನೇ ಪಣವಾಗಿ ಒಡ್ಡಬಹುದು. ನಡುವೆ ಕಿಸೆಯಿಂದ ಹಣ ತೆಗೆಯುವಂತಿಲ್ಲ. ಎದುರಾಳಿಯ ಪಣ ತನ್ನಲ್ಲಿರುವುದಕ್ಕಿಂತ ದೊಡ್ಡದಾದರೆ, ಇರುವುದೆಲ್ಲವನ್ನೂ ಒಡ್ಡಿ ಆಟದಲ್ಲಿ ಉಳಿಯಬಹುದು. ಇದಕ್ಕೆ ‘ಆಲ್-ಇನ್’ ಎಂದು ಹೆಸರು. ಒಬ್ಬನಲ್ಲಿ 200, ಇನ್ನಿಬ್ಬರಲ್ಲಿ ತಲಾ 500 ರೂಪಾಯಿಯಿದ್ದು ಮೂವರೂ ಎಲ್ಲವನ್ನೂ ಒಡ್ಡಿದರೆಂದು ಭಾವಿಸೋಣ. ತಲಾ 200ರಂತೆ 600 ರೂಪಾಯಿ ಮುಖ್ಯ ರಾಶಿಯಾಗುತ್ತದೆ. ಉಳಿದ 600 ಆ ಇಬ್ಬರ ನಡುವಿನ ಪ್ರತ್ಯೇಕ ರಾಶಿ. ಮೊದಲನೆಯವನು ಗೆದ್ದರೂ ಮುಖ್ಯ ರಾಶಿಯಷ್ಟೇ ಅವನದು. ಸೋತರೆ ಹೋಗುವುದು 200 ಮಾತ್ರ. ಧನಿಕನು ಹಣದ ಬಲದಿಂದಲೇ ಅವನನ್ನು ಹೊರದೂಡಲಾರ.

ಇದರಲ್ಲಿ ಒಂದು ನ್ಯಾಯವಿದೆಯೆಂದು ಒಪ್ಪಬೇಕು. ಮೇಲುನೋಟಕ್ಕೆ ಇದು ನಮ್ಮ ಪರಿಗ್ರಹಪರಿಮಾಣ ವ್ರತವನ್ನೇ ಹೋಲುತ್ತದೆ. ಆದರೆ ಈ ಮಿತಿಯ ಆಯುಷ್ಯ ಒಂದು ಸುತ್ತು ಮಾತ್ರ. ಸುತ್ತು ಮುಗಿದೊಡನೆ ಸೋತವನು ಮತ್ತೆ ಹಣ ತಂದು ಕುಳಿತುಕೊಳ್ಳಬಹುದು. ಅದು ಸಾಲದ ಹಣವೋ, ಮಡದಿಯ ಒಡವೆ ಅಡವಿಟ್ಟದ್ದೋ ಎಂದು ಕಟ್ಟಳೆ ಕೇಳುವುದಿಲ್ಲ. ಧರ್ಮರಾಯನು ಎಲ್ಲವನ್ನೂ ಒಂದೇ ಬಾರಿಗೆ ಒಡ್ಡಲಿಲ್ಲ. ಸೋತಂತೆಲ್ಲ ಹೊಸ ಪಣ ತಂದನು: ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಈ ಕಟ್ಟಳೆಯಿದ್ದರೂ ಅವನು ಉಳಿಯುತ್ತಿರಲಿಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಮಿತ ಪರಿಗ್ರಹಕ್ಕೆ ‘ಇಚ್ಛಾಪರಿಮಾಣ’ವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಕಟ್ಟಳೆ ಅಳೆಯುವುದು ಮೇಜಿನ ಮೇಲಿನ ಹಣವನ್ನು. ವ್ರತ ಅಳೆಯುವುದು ಇಚ್ಛೆಯನ್ನು. ಮೊದಲನೆಯದು ಆಟ ಮುಂದುವರಿಯಲೆಂದು ಹುಟ್ಟಿದ್ದು. ಎರಡನೆಯದು ಸಾಕೆಂಬ ಭಾವದಿಂದ ಹುಟ್ಟಿದ್ದು.

ಇನ್ನೊಂದು ದೋಷವೂ ಇದೆ. ಪ್ರಾಮಾಣಿಕ ವ್ಯಾಪಾರದಲ್ಲಿ ಕೊಟ್ಟವನಿಗೂ ಕೊಂಡವನಿಗೂ ಪ್ರಯೋಜನವುಂಟು. ಇಲ್ಲಿ ಒಬ್ಬನ ಗಳಿಕೆಯೆಂದರೆ ಮತ್ತೊಬ್ಬನ ನಷ್ಟವೇ. ಪಣ 200 ಆಗಲಿ, 2 ಆಗಲಿ, ಎದುರಿಗಿರುವವನ ಸೋಲನ್ನು ಬಯಸದೆ ಆಡಲು ಬಾರದು. ಪರರ ಪರಾಜಯವನ್ನು ಚಿಂತಿಸುವುದನ್ನು ಶಾಸ್ತ್ರವು ಅಪಧ್ಯಾನವೆಂಬ ಅನರ್ಥದಂಡದಲ್ಲಿ ಸೇರಿಸಿದೆ. ಮೊತ್ತ ಕಿರಿದಾದರೆ ಹಾನಿ ಕಿರಿದಾದೀತು, ಭಾವ ಶುದ್ಧವಾಗದು.

ಹಣ ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಕಾನೂನು ಕೈಯನ್ನು ತಡೆಯಬಲ್ಲುದೇ ಹೊರತು ಮನಸ್ಸನ್ನಲ್ಲ. ಆದುದರಿಂದ ಬಸದಿಯ ಪಾಠಶಾಲೆಗಳಲ್ಲಿ ವ್ಯಸನಗಳ ಹೆಸರನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ಅವುಗಳ ಕಾರಣವನ್ನೂ ತಿಳಿಸಬೇಕು. ಮನೆಯಲ್ಲಿ ಹಿರಿಯರು ತಮ್ಮ ಗಳಿಕೆಗೆ ತಾವೇ ಮಿತಿಯಿಟ್ಟು ಬಾಳಿದರೆ, ಆ ಪಾಠಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.