ಫಲಶ್ರುತಿಯಿಲ್ಲದ ಊರು

ಭಾರತದ ಯಾತ್ರಾಸಾಹಿತ್ಯದಲ್ಲಿ ಒಂದು ಊರು ಕ್ಷೇತ್ರವೆನಿಸಿಕೊಳ್ಳುವ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು: ಮೊದಲು ಅಲ್ಲಿ ನಡೆದ ದೈವೀ ಘಟನೆಯನ್ನು ಹೇಳುವ ಸ್ಥಳಪುರಾಣ ಬರುತ್ತದೆ, ಅದರ ಕೊನೆಗೆ ಇಂತಹ ತೀರ್ಥದಲ್ಲಿ ಮಿಂದವನಿಗೆ, ಇಂತಹ ಮೂರ್ತಿಯನ್ನು ಕಂಡವನಿಗೆ ಇಷ್ಟು ಪುಣ್ಯವೆಂದು ಸಾರುವ ಫಲಶ್ರುತಿ ಬರುತ್ತದೆ. ಒಂದೊಂದು ತೀರ್ಥಕ್ಕೂ ಒಂದೊಂದು ಯಜ್ಞದ ಫಲವನ್ನು ಸರಿದೂಗಿಸಿ ಹೇಳುವ ಈ ಪದ್ಧತಿ ಮಹಾಭಾರತದ ವನಪರ್ವದ ತೀರ್ಥಯಾತ್ರಾ ಭಾಗದಲ್ಲೇ ಕಾಣುತ್ತದೆ. ನೋಡಲೇಬೇಕಾದ ಹತ್ತು ಸ್ಥಳಗಳೆಂದು ಪಟ್ಟಿ ಮಾಡುವ ಇಂದಿನ ಪ್ರವಾಸೋದ್ಯಮ ದೇವರನ್ನು ಕೈಬಿಟ್ಟು ಫಲಶ್ರುತಿಯನ್ನಷ್ಟೇ ಉಳಿಸಿಕೊಂಡಿದೆಯೆಂದರೆ ತಪ್ಪಾಗದು. ಹಾಗಿರುವಾಗ ಯಾವ ಪುರಾಣವೂ ಯಾವ ಪಟ್ಟಿಯೂ ಫಲವನ್ನು ಸಾರದ ಊರೊಂದಕ್ಕೆ ಹೋಗಿ ಬರುವುದರಲ್ಲಿ ಏನು ಅರ್ಥವಿದೆ ಎಂಬುದು ಧರ್ಮಜಿಜ್ಞಾಸೆಯ ಪ್ರಶ್ನೆಯೇ ಆಗುತ್ತದೆ.

ಈ ಪ್ರಶ್ನೆಯನ್ನು ಇಟ್ಟು ನೋಡಲು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಕೂಗಳತೆಯಲ್ಲಿರುವ ಬೇಗೂರಿಗಿಂತ ಒಳ್ಳೆಯ ಊರು ಸಿಗಲಾರದು. ಶನಿವಾರ ಬೆಳಕು ಹರಿಯುವ ಮುನ್ನ ಹೊಸೂರು ರಸ್ತೆಯ ಕಂಪನಿಗಳ ಉದ್ಯೋಗಿಗಳು ಹಂಪಿ, ಬೇಲೂರು, ಮಡಿಕೇರಿಗಳ ದಾರಿ ಹಿಡಿಯುತ್ತಾರೆ. ಗಂಗರ ಕಾಲದ ನಾಗೇಶ್ವರ ದೇವಾಲಯ ಅವರು ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಹಿಂದೆಯೇ ಉಳಿಯುತ್ತದೆ. 9ನೆಯ ಶತಮಾನದ ಹೊತ್ತಿಗೆ ಎರಡು ಗುಡಿಗಳಾಗಿ ಮೊದಲಾದ ಈ ಸಮುಚ್ಚಯಕ್ಕೆ ಮುಂದೆ ಚೋಳರ ಕಾಲದಲ್ಲಿ ಇನ್ನೂ ಗುಡಿಗಳು ಸೇರಿ ಐದು ಲಿಂಗಗಳಾದುದರಿಂದ ಪಂಚಲಿಂಗೇಶ್ವರವೆಂಬ ಹೆಸರೂ ಬಂದಿತು. ಹೊರಗೆ ಹೊಸ ಗೋಪುರದ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಒಳಗೆ ತಗ್ಗಾದ ಮಂಟಪದ ಚಾವಣಿಯಲ್ಲಿ ಎಂಟು ದಿಕ್ಕುಗಳ ಒಡೆಯರೆನಿಸಿದ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ ಕುಳಿತಿದ್ದಾರೆ, ಮತ್ತು ಅವರನ್ನು ಕಾಣಬೇಕಾದರೆ ಕತ್ತಲೆಗೆ ಕಣ್ಣು ಹೊಂದುವವರೆಗೆ ಕತ್ತೆತ್ತಿ ನಿಲ್ಲಬೇಕಾಗುತ್ತದೆ.

ಆದರೆ ಬೇಗೂರಿನ ನಿಜವಾದ ಹಿರಿಮೆ ಅದರ ಕಲ್ಲುಗಳಲ್ಲಿದೆ. ಶಾಸನತಜ್ಞ ಆರ್. ನರಸಿಂಹಾಚಾರ್ಯರು ಕಳೆದ ಶತಮಾನದ ಆರಂಭದಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 890ರದೆಂದು ಎಣಿಸಲಾದ ಹಳಗನ್ನಡ ಶಾಸನವೊಂದು ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮಗ ಮಡಿದುದನ್ನು ಹೇಳುತ್ತದೆ. ಬೆಂಗಳೂರೆಂಬ ಹೆಸರು ದೊರೆಯುವ ಅತ್ಯಂತ ಹಳೆಯ ಬರಹ ಅದೇ. ನಾಗತ್ತರನೂ ಮುಂದೆ ಗಂಗರ ದೊರೆ ಎರೆಯಪ್ಪನ ಪಕ್ಷದಲ್ಲಿ ಕಾದಿ ಸತ್ತನು. ಅವನ ನೆನಪಿಗೆ ನಿಲ್ಲಿಸಿದ, ಆನೆಕುದುರೆಗಳ ಯುದ್ಧವನ್ನು ಕಿಕ್ಕಿರಿದು ಕೆತ್ತಿರುವ ದೊಡ್ಡ ವೀರಗಲ್ಲು, ಎಂದರೆ ಕಾಳಗದಲ್ಲಿ ಬಿದ್ದವನಿಗಾಗಿ ನೆಟ್ಟ ಸ್ಮಾರಕಶಿಲೆ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಸತ್ತವನ ಪದವಿಯನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಮುಂತಾದ ಹನ್ನೆರಡು ಊರುಗಳನ್ನು ಕಲ್ನಾಡಾಗಿ, ಅಂದರೆ ವೀರನ ಸಲುವಾಗಿ ಬಿಟ್ಟ ತೆರಿಗೆಯಿಲ್ಲದ ಭೂಮಿಯಾಗಿ, ಎರೆಯಪ್ಪನು ಕೊಟ್ಟನೆಂದು ಆ ಕಲ್ಲು ತಿಳಿಸುತ್ತದೆ. ಬೆಂಪೂರು ಇಂದಿನ ಬೇಗೂರು; ಜೊತೆಗೆ ಬರುವ ಹೆಸರುಗಳಲ್ಲಿ ತೊವಗೂರನ್ನು ತೋಗೂರೆಂದೂ ಕೂಡಲೆಯನ್ನು ಕೂಡ್ಲುವೆಂದೂ ಗುರುತಿಸಲಾಗಿದೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ 332 ಎಕರೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳಿಗೆ ಸೇರಿದ್ದು. ಸಾಫ್ಟ್‌ವೇರ್ ರಫ್ತಿಗೆ ದಶಕಗಳ ಕಾಲ ದೊರೆತ ತೆರಿಗೆ ವಿನಾಯಿತಿಯನ್ನು ನೆನೆದರೆ, ಆ ಮಣ್ಣಿಗೆ ತೆರಿಗೆಯ ಮಾಫಿ ಹೊಸದಲ್ಲವೆಂದು ಯಾರಾದರೂ ನಗಬಹುದು.

ಇನ್ನು ಮೂರನೆಯ ಕಲ್ಲು ನಾಗತ್ತರನ ಮಗಳು ತೊಂಡಬ್ಬೆಯದು. ಅವಳು ಜೈನಧರ್ಮದ ಸಲ್ಲೇಖನ ವ್ರತದಿಂದ, ಅಂದರೆ ಆಹಾರವನ್ನು ಹಂತಹಂತವಾಗಿ ತೊರೆದು ದೇಹವನ್ನು ಬಿಡುವ ವ್ರತದಿಂದ, ಸತ್ತಳೆಂಬುದಕ್ಕೆ ಅದು ನಿಸಿಧಿ, ಎಂದರೆ ಹಾಗೆ ಸತ್ತವರ ನೆನಪಿನ ಗುರುತು. ಮಗ ಯುದ್ಧದಲ್ಲಿ, ಅಪ್ಪ ಯುದ್ಧದಲ್ಲಿ, ಮಗಳು ಉಪವಾಸದಲ್ಲಿ ಸತ್ತ ಮನೆಯೊಂದರ ಕಥೆ ಈ ಊರಿನ ಕಲ್ಲುಗಳಲ್ಲಿ ನಿಂತಿದೆ. ಜೈನರು ಮುಕ್ತಿ ದೊರೆತ ಸ್ಥಳವನ್ನು ಸಿದ್ಧಕ್ಷೇತ್ರವೆಂದೂ ಪವಾಡ ನಡೆದ ಸ್ಥಳವನ್ನು ಅತಿಶಯಕ್ಷೇತ್ರವೆಂದೂ ಕರೆದು ಯಾತ್ರೆ ಮಾಡುತ್ತಾರೆ. ಬೇಗೂರಿಗೆ ಈ ಎರಡು ಹೆಸರುಗಳಲ್ಲಿ ಒಂದೂ ಬರಲಿಲ್ಲ. ಶಾಸನಗಳು ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರಲೆಂದು ಶಪಿಸುವುದು ವಾಡಿಕೆ. ಕಣ್ಣೆತ್ತಿಯೂ ನೋಡದೆ ದಾಟಿ ಹೋದವನಿಗೆ ಯಾವ ಶಾಸನವೂ ಶಾಪ ಹಾಕಿದಂತಿಲ್ಲ. ದಾರಿಹೋಕನು ನಿಂತೇ ನಿಲ್ಲುವನೆಂದು ಕಲ್ಲು ನೆಟ್ಟವರು ನಂಬಿದ್ದಿರಬೇಕು.

ಫಲದ ಆಸೆಯಿಲ್ಲದೆ ಇಂತಹ ಊರನ್ನು ನೋಡುವವನೇ ನಿಜವಾದ ಯಾತ್ರಿಕನೆಂಬ ಉತ್ತರ, ಗೀತೆಯ ನಿಷ್ಕಾಮ ಕರ್ಮದ ಬೆಂಬಲದೊಂದಿಗೆ, ಥಟ್ಟನೆ ಹೊಳೆಯುತ್ತದೆ. ಆದರೆ ಅದನ್ನು ಒಪ್ಪುವುದು ಕಷ್ಟ. ಹತ್ತು ಜನ ಕಾಣದುದನ್ನು ತಾನು ಕಂಡೆನೆಂಬ ಹೆಮ್ಮೆ ಗಂಗಾಸ್ನಾನದ ಪುಣ್ಯಕ್ಕಿಂತ ಜಿಗುಟಾದ ಫಲ, ಮತ್ತು ಜನ ಬಾರದ ಜಾಗಗಳನ್ನೇ ಹುಡುಕಿ ಹೋಗುವ ಇಂದಿನ ಪ್ರವಾಸಿಗಳಲ್ಲಿ ಅನೇಕರು ಆ ಫಲಕ್ಕಾಗಿಯೇ ಹೋಗುತ್ತಾರೆ. ಅದಲ್ಲದೆ ಕಡೆಗಣಿತವೆಂಬ ಗುಣ ಊರಿನದಲ್ಲ, ನೋಡುವವನದು. ಶಿವರಾತ್ರಿಗೂ ಕಾರ್ತಿಕ ಸೋಮವಾರಕ್ಕೂ ನಾಗೇಶ್ವರನ ಮುಂದೆ ಸಾಲು ನಿಲ್ಲುವ ಸುತ್ತಲಿನ ಜನರಿಗೆ ಬೇಗೂರು ಎಂದೂ ಕಡೆಗಣಿತವಾಗಿರಲಿಲ್ಲ.

ಹಂಗೇರಿಗೆ ಹೋದವರು ಬುಡಾಪೆಸ್ಟ್ ನೋಡಿ ಹಿಂತಿರುಗುವಾಗ ಬಿಟ್ಟು ಬರುವ ಪೇಚ್ ನಗರದ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ರೋಮನ್ನರ ಕಾಲದ ಆದಿ ಕ್ರೈಸ್ತರು ಗೋಡೆಗಳಿಗೆ ಚಿತ್ರ ಬರೆದ 4ನೆಯ ಶತಮಾನದ ಸಮಾಧಿಕೋಣೆಗಳು ಅಲ್ಲಿವೆ; ತುರ್ಕರು ಕಟ್ಟಿದ ಕಾಸಿಂ ಪಾಷಾನ ಮಸೀದಿ ಈಗ ಚರ್ಚಾಗಿದ್ದು, ಅದರ ಗುಮ್ಮಟದ ಮೇಲೆ ಚಂದ್ರ ಮತ್ತು ಶಿಲುಬೆ ಒಟ್ಟಿಗಿವೆ. ಆ ಸಮಾಧಿಗಳನ್ನು 2000ದಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವ ಹಿಂದಿನ ದಿನ ಅಲ್ಲಿ ಮಲಗಿದ್ದವರ ಬೆಲೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು.

ಆದುದರಿಂದ ಫಲದ ಲೆಕ್ಕವನ್ನು ಬಿಟ್ಟು ಋಣದ ಲೆಕ್ಕದಿಂದ ಈ ಪ್ರಶ್ನೆಯನ್ನು ನೋಡುವುದು ಮೇಲು. ವೈದಿಕ ಪರಂಪರೆಯ ಪ್ರಕಾರ ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ. ಸಾಲ ತೀರಿಸುವುದರಿಂದ ಪುಣ್ಯ ಬೆಳೆಯುವುದಿಲ್ಲ, ಹೊರೆ ಇಳಿಯುತ್ತದೆ. ಪಟ್ನಾದಿಂದಲೋ ವಿಜಯವಾಡದಿಂದಲೋ ಬಂದು ತೋಗೂರಿನ ನೆಲದಲ್ಲಿ ದುಡಿಯುವವನಿಗೆ ನಾಗತ್ತರನ ಮನೆಯ ಋಣ ಹೇಗೆ ತಗಲೀತು ಎಂಬ ಆಕ್ಷೇಪ ಸಹಜವಾದುದೇ. ಇದಕ್ಕೆ ಪರಂಪರೆಯಲ್ಲೇ ಸಮಾಧಾನವಿದೆ: ಮಾಘ ಶುದ್ಧ ಅಷ್ಟಮಿಯಾದ ಭೀಷ್ಮಾಷ್ಟಮಿಯಂದು, ಮಕ್ಕಳಿಲ್ಲದೆ ಸತ್ತ ಭೀಷ್ಮನಿಗೆ ಅವನ ಕುಲದವರಲ್ಲದವರೂ ತರ್ಪಣದ ನೀರು ಬಿಡುತ್ತಾರೆ. ನೆತ್ತರ ನಂಟಿಲ್ಲದವರೂ ಸಲ್ಲಿಸಬಹುದಾದ ಋಣವೊಂದುಂಟೆಂದು ಒಪ್ಪಿದ ಮೇಲೆ, ಬದುಕು ಕೊಟ್ಟ ನೆಲದಲ್ಲಿ ಮೊದಲು ಸತ್ತವರ ಹೆಸರನ್ನು ಓದುವುದು ಆ ಬಗೆಯ ಋಣವೆಂದು ಭಾವಿಸಲು ಅಡ್ಡಿಯಿಲ್ಲ. 12ನೆಯ ಶತಮಾನದ ಶರಣರು ತೀರ್ಥಯಾತ್ರೆಯನ್ನು ಖಂಡಿಸಿದಾಗ ಪುಣ್ಯದ ವ್ಯಾಪಾರವನ್ನು ಖಂಡಿಸಿದರು. ಕೊಡುಕೊಳ್ಳುವಿಕೆಯಿಲ್ಲದ ಈ ಓದಿಗೆ ಆ ಟೀಕೆ ತಟ್ಟಲಾರದು.

ಓದಬೇಕಾದರೆ ಅಕ್ಷರ ಓದುವಂತಿರಬೇಕು. ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುವ ಕೆಲಸವನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದಲ್ಲಿ ಕೂಡ್ಲು ಗೇಟ್ ಎಂಬ ನಿಲ್ದಾಣವೇ ಇದೆ. ಕಲ್ನಾಡಿನ ಕೂಡಲೆಯ ಹೆಸರು ಹೊತ್ತ ಆ ನಿಲ್ದಾಣದ ಗೋಡೆಯ ಮೇಲೆ ನಾಗತ್ತರನ ಶಾಸನದ ಪಾಠವನ್ನು ಹೊಸಗನ್ನಡದ ಅರ್ಥದೊಂದಿಗೆ ಹಾಕಿಸುವುದು ಸಂಬಂಧಪಟ್ಟವರಿಗೆ ದೊಡ್ಡ ಖರ್ಚಿನ ಕೆಲಸವಲ್ಲ, ಅದನ್ನು ಮಾಡಿಸಬೇಕು.